ಹೆಗಲ ಮೇಲಿನ ಗ್ಲೌಸು

ಕಾರು ಜೋಡಿಸುವ ಕಾರ್ಖಾನೆಯಲ್ಲಿ ಪ್ರತಿಯೊಬ್ಬರಿಗೂ ಒಂದು ಜಾಗ ಅಂತ ಇರುತ್ತದೆ. ಚಕ್ರದವನಿಗೆ ಚಕ್ರ, ದೀಪದವಳಿಗೆ ದೀಪ, ಸೀಟಿನವನಿಗೆ ಸೀಟು. ಅವರೆದುರು ಕಾರುಗಳು ನಿಧಾನವಾಗಿ, ಆದರೆ ಯಾರ ಮುಲಾಜಿಗೂ ನಿಲ್ಲದೆ ಸಾಗಿ ಬರುತ್ತಲೇ ಇರುತ್ತವೆ. ತನ್ನದು ಅಂತ ಒಂದು ಜಾಗವಿಲ್ಲದವಳು ಬದಲಿಯಕ್ಕ ಒಬ್ಬಳೇ. ಹಾಗಾಗಿ ಎಲ್ಲ ಜಾಗವೂ ಅವಳದೇ ಆಗಿತ್ತು.

ಅವಳ ಕೆಲಸ ಏನು ಅಂತ ನಾಲ್ಕು ಜನರೆದುರು ಹೇಳಿಕೊಳ್ಳುವುದು ಸ್ವಲ್ಪ ಕಷ್ಟ. ಕಾರುಗಳು ಸಾಗುವ ಆ ಲೈನಿನಲ್ಲಿ ನಿಂತವರಿಗೆ ಬಾತ್‌ರೂಮಿಗೆ ಅವಸರವಾದಾಗ, ಅವರು ಹೋಗಿ ಬರುವ ತನಕ ಅವರ ಜಾಗದಲ್ಲಿ ನಿಂತು ಅವರ ಕೆಲಸ ಮಾಡುವುದು. ಅಷ್ಟೇ. ನಗುವವರು ನಗಲಿ. ಆದರೆ ಅದಕ್ಕೆ ಚಕ್ರವೂ ಗೊತ್ತಿರಬೇಕು, ದೀಪವೂ ಗೊತ್ತಿರಬೇಕು, ಸೀಟಿನ ಬೋಲ್ಟು ಎಷ್ಟು ಬಿಗಿದರೆ ಸಾಕು ಎಂಬುದು ಕೈಗೇ ಗೊತ್ತಿರಬೇಕು. ನೆಂಟರು ಯಾರಾದರೂ ಕೆದಕಿ ಕೇಳಿದರೆ "ನಂದು ಎಲ್ಲಾ ಕೆಲಸ" ಎಂದು ಮಾತು ಮುಗಿಸಿಬಿಡುತ್ತಿದ್ದಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಯಾರಿಗೆ ಅವಸರ ಎಂದು ತಿಳಿಯುವುದು ಹೇಗೆ? ಆ ಗದ್ದಲದಲ್ಲಿ ಕೂಗಿದರೆ ಪಕ್ಕದವನನ್ನು ಬಿಟ್ಟು ಆಚೆಗೆ ಕೇಳಿಸುವುದಿಲ್ಲ. ಕೇಳಿಸುವಂತಿದ್ದರೂ ಅಂಥ ವಿಷಯವನ್ನು ಕೂಗಿ ಹೇಳಲು ಯಾರಿಗೆ ಮನಸ್ಸು ಬರುತ್ತದೆ? ಅದಕ್ಕೇ ಆ ಲೈನಿನಲ್ಲಿ ಒಂದು ಪದ್ಧತಿ ತಾನಾಗಿ ಬೆಳೆದುಬಂದಿತ್ತು. ಎಲ್ಲರ ಜೇಬಿನಲ್ಲೂ ಸವೆದುಹೋದ ಹಳೇ ಗ್ಲೌಸೊಂದು ಇರುತ್ತಿತ್ತು. ಅವಸರವಾದವರು ಅದನ್ನು ತೆಗೆದು ಎಡ ಹೆಗಲ ಮೇಲೆ ಹಾಕಿಕೊಳ್ಳುತ್ತಿದ್ದರು. ಬದಲಿಯಕ್ಕ ಲೈನಿನ ಈ ತುದಿಯಿಂದ ಆ ತುದಿಗೆ ಕೈ ಬೀಸಿಕೊಂಡು ಓಡಾಡುತ್ತಾ ಹೆಗಲುಗಳನ್ನು ನೋಡುತ್ತಿದ್ದಳು. ಗ್ಲೌಸು ಕಂಡರೆ ಹೋಗಿ ಬೆನ್ನು ತಟ್ಟಿ, ಕೈಯಲ್ಲಿದ್ದ ಸಾಮಾನು ತೆಗೆದುಕೊಂಡು "ಹೋಗ್ಬಾ" ಎನ್ನುತ್ತಿದ್ದಳು.

ಮೊದಲು ಹಾಕಿದವರಿಗೆ ಮೊದಲು. ಅದರಲ್ಲಿ ನಂಟಸ್ತಿಕೆ, ಸ್ನೇಹ, ದಾಕ್ಷಿಣ್ಯ ಒಂದೂ ನಡೆಯುತ್ತಿರಲಿಲ್ಲ. ಅವಳ ಸ್ವಂತ ಸೊಸೆಯೇ ಅದೇ ಲೈನಿನಲ್ಲಿ ಬಾಗಿಲ ಚೌಕಟ್ಟಿಗೆ ರಬ್ಬರ್ ಪಟ್ಟಿ ಕೂರಿಸುವವಳು. ಅವಳೂ ಸರದಿ ಬರುವ ತನಕ ಕಾಯಲೇಬೇಕು. ಈ ಒಂದು ವಿಷಯದಲ್ಲಿ ಬದಲಿಯಕ್ಕನ ಕಡೆ ಬೆರಳು ಮಾಡಿ ತೋರಿಸುವವರು ಆ ಕಾರ್ಖಾನೆಯಲ್ಲಿ ಯಾರೂ ಇರಲಿಲ್ಲ.

ಹೀಗಿರುವಾಗ ಕಾರ್ಖಾನೆಗೆ ಮುಖ್ಯಸ್ಥರಾಗಿ ಹೊಸ ಸಾಹೇಬರು ಬಂದರು. ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡಬೇಕು. ಕೂಗಾಡುವವರಲ್ಲ, ಎದುರು ಸಿಕ್ಕವರನ್ನು ಕಂಡು ತಾವೇ ಮೊದಲು ನಗುವವರು. ಆದರೆ ಅವರ ಕೋಣೆ ಇದ್ದದ್ದು ಮಹಡಿಯ ಮೇಲೆ, ಗಾಜಿನ ಗೋಡೆಯ ಹಿಂದೆ. ಅಲ್ಲಿಂದ ಲೈನು ಪೂರ್ತಿ ಕಾಣುತ್ತದೆ, ಮುಖ ಮಾತ್ರ ಒಂದೂ ಕಾಣುವುದಿಲ್ಲ. ಬಂದ ಹೊಸದರಲ್ಲೇ ಅವರ ಕಣ್ಣಿಗೆ ಬಿದ್ದದ್ದು, ಕೈಯಲ್ಲಿ ಏನೂ ಹಿಡಿಯದೆ ಅತ್ತಿಂದಿತ್ತ ಅಡ್ಡಾಡುವ ಒಬ್ಬ ಹೆಂಗಸು. ಯಾರದು, ಏನು ಕೆಲಸ ಎಂದು ವಿಚಾರಿಸಿದರು. ಸೂಪರ್‌ವೈಸರ್ ನಾಚಿಕೊಂಡು, ತಡವರಿಸಿ, ಅರ್ಧ ಹೇಳಿ ಅರ್ಧ ನುಂಗಿದ. ಸ್ವಲ್ಪ ದಿನಕ್ಕೇ ನೋಟೀಸ್ ಬೋರ್ಡಿನಲ್ಲಿ ಆರ್ಡರು ಬಿತ್ತು. ಬದಲಿ ಹುದ್ದೆ ರದ್ದು. ಬದಲಿಯಕ್ಕ ಇನ್ನು ಖಾಲಿ ಪೆಟ್ಟಿಗೆ ಮಡಚುವ ವಿಭಾಗಕ್ಕೆ. ಲೈನಿನವರು ಊಟದ ಬಿಡುವಿನಲ್ಲಿ ಹೋಗಿ ಬರತಕ್ಕದ್ದು. ತೀರಾ ಅವಸರವಾದರೆ ಸೂಪರ್‌ವೈಸರನ್ನು ಕರೆಯತಕ್ಕದ್ದು.

"ಹೋಗಿ ಬರತಕ್ಕದ್ದಂತೆ," ಎಂದು ಚಕ್ರದವನು ಮೂಗು ಮುರಿದ. "ನಮ್ಮ ಹೊಟ್ಟೆಗೆ ನೋಟೀಸ್ ಓದೋಕೆ ಬರಲ್ಲ ಅಂತ ಯಾರಾದ್ರೂ ಹೇಳ್ರಪ್ಪಾ ಅವರಿಗೆ."

ಸೂಪರ್‌ವೈಸರನನ್ನು ಕರೆದರೆ "ಬಂದೆ, ಬಂದೆ" ಎನ್ನುತ್ತಿದ್ದ, ಬರುತ್ತಿರಲಿಲ್ಲ. ಪಾಪ, ಅವನಿಗಾದರೂ ಎಷ್ಟು ಕೈ? ಪ್ರತಿಯೊಬ್ಬರ ಪಕ್ಕದಲ್ಲೂ ಲೈನು ನಿಲ್ಲಿಸುವ ಕೆಂಪು ಗುಂಡಿ ಇತ್ತು, ನಿಜ. ಒತ್ತಿದರೆ ಇಡೀ ಲೈನು ನಿಂತು, ಮೇಲಿನ ಬೋರ್ಡಿನಲ್ಲಿ ಒತ್ತಿದವರ ಜಾಗ ಕೆಂಪಗೆ ಮಿನುಗುತ್ತದೆ. ಇದಕ್ಕೋಸ್ಕರ ಅದನ್ನು ಒತ್ತಿ ಊರಿಗೆಲ್ಲ ಡಂಗುರ ಹೊಡೆಸಿಕೊಳ್ಳುವವರು ಯಾರು? ಗಂಡಸರು ಹಲ್ಲು ಕಚ್ಚಿ ನಿಂತರು. ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟರು.

ಪೆಟ್ಟಿಗೆ ವಿಭಾಗ ಲೈನಿನ ಪಕ್ಕದಲ್ಲೇ, ಕಬ್ಬಿಣದ ಬಲೆಯ ಆಚೆಗಿತ್ತು. ಬದಲಿಯಕ್ಕನ ಕೈ ರಟ್ಟು ಮಡಚುತ್ತಿದ್ದರೂ ಕಣ್ಣು ಹೆಗಲುಗಳನ್ನೇ ಹುಡುಕುತ್ತಿತ್ತು. ಬರುವವರಿಲ್ಲ ಎಂದು ಗೊತ್ತಿದ್ದೂ ಜನ ಗ್ಲೌಸು ಹಾಕುವುದನ್ನು ಬಿಟ್ಟಿರಲಿಲ್ಲ. ಅಲ್ಲೊಂದು, ಇಲ್ಲೊಂದು, ನಡುವೆ ಸೊಸೆಯದ್ದೊಂದು. ಅದನ್ನು ನೋಡಿಕೊಂಡು ಸುಮ್ಮನೆ ನಿಲ್ಲುವುದಿದೆಯಲ್ಲ, ಅದಕ್ಕಿಂತ ಮನೆಗೆ ಕಳಿಸಿದ್ದರೇ ಚೆನ್ನಾಗಿತ್ತು ಎನಿಸುತ್ತಿತ್ತು ಅವಳಿಗೆ.

ಮನೆಯಲ್ಲಿ ಇಬ್ಬರೇ. ಮಗ ಲಾರಿ ಓಡಿಸುವವನು; ಬಂದಾಗ ಬಂದ, ಹೋದಾಗ ಹೋದ. ಸೊಸೆ ಚೊಚ್ಚಲ ಬಸುರಿ. ಸಂಜೆ ಬಂದು ಊಟದ ಡಬ್ಬಿ ತೊಳೆಯುವಾಗ ಬದಲಿಯಕ್ಕ ಸೊಸೆಯ ನೀರಿನ ಬಾಟಲಿ ಎತ್ತಿಕೊಂಡಳು. ಕೈಗೆ ಭಾರವಾಗಿ ಸಿಕ್ಕಿತು.

"ಇದೇನೇ ಇದು? ಬೆಳಿಗ್ಗೆ ತುಂಬಿಸಿಕೊಟ್ಟಿದ್ದು ಹಾಗೇ ಇದೆ?"

"ಬಾಯಾರಿಕೆ ಆಗ್ಲಿಲ್ಲ ಅತ್ತೆ."

"ಆ ಸೆಕೆಯಲ್ಲಿ ನಿಂತು ಬಾಯಾರಿಕೆ ಆಗ್ಲಿಲ್ವಾ? ನನ್ನ ಹತ್ರಾನೇ ಕಥೆ ಕಟ್ತೀಯಾ?"

ಸೊಸೆ ತಲೆ ತಗ್ಗಿಸಿದಳು. "ಕುಡಿದ್ರೆ ಹೋಗ್ಬೇಕಾಗತ್ತಲ್ಲ. ನನ್ನ ಜಾಗದಲ್ಲಿ ಯಾರು ನಿಲ್ತಾರೆ?"

ಹಿಂದಿನ ವಾರವಷ್ಟೇ ಅವಳು ಉರಿಮೂತ್ರ, ಜ್ವರ ಎಂದು ಮಲಗಿ ಎದ್ದಿದ್ದಳು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ನೀರು ಕುಡಿಯಲೇಬೇಕು, ತಡೆದುಕೊಳ್ಳಲೇಬಾರದು, ಇನ್ನೊಂದು ಸಲ ಹೀಗಾದರೆ ಮಗುವಿಗೇ ಅಪಾಯ, ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸಿ.

"ಕೆಲಸ ಬಿಟ್ಟುಬಿಡು ಕಣೆ," ಎಂದಳು ಬದಲಿಯಕ್ಕ, ಮನಸ್ಸಿಲ್ಲದ ಮನಸ್ಸಿನಿಂದ.

"ಬಿಟ್ರೆ ಮತ್ತೆ ತಗೋತಾರಾ ಅತ್ತೆ? ಇದು ನಾನು ಕಲಿತ ಕೆಲಸ. ನಾನು ಕೂರಿಸಿದ ಬಾಗಿಲಲ್ಲಿ ಒಂದು ಹನಿ ನೀರು ಒಳಗೆ ಹೋಗಲ್ಲ, ಗೊತ್ತಾ?"

ಗೊತ್ತಿಲ್ಲದೆ ಏನು! ಬದಲಿಯಕ್ಕ ಬಾಟಲಿಯನ್ನು ಸಿಂಕಿಗೆ ಬಗ್ಗಿಸಿದಳು. ಕುಡಿಯದೆ ಉಳಿದ ನೀರು ಗುಳುಗುಳು ಇಳಿದುಹೋಯಿತು. ಅವಳಿಗೆ ಅಳು ಬಂತು, ಅಳುವಿಗಿಂತ ಮುಂಚೆ ಸಿಟ್ಟು ಬಂತು.

ಮರುದಿನ ಸೀದಾ ಸಂಘದ ಕಾರ್ಯದರ್ಶಿಯ ಹತ್ತಿರ ಹೋದಳು. ಅವನನ್ನು ಎಲ್ಲರೂ ಮೈಕು ಎನ್ನುತ್ತಿದ್ದರು. ಗುಟ್ಟು ಹೇಳಿದರೂ ಗೇಟಿನ ಕಾವಲುಗಾರನಿಗೆ ಕೇಳಿಸುವಂಥ ಗಂಟಲು ಅವನದು.

"ಮುಷ್ಕರ ಅಕ್ಕ! ಬೇರೆ ಮಾತೇ ಇಲ್ಲ!"

"ಮುಷ್ಕರ ಎಲ್ಲಿಗೂ ಓಡಿಹೋಗಲ್ಲ, ಆಮೇಲೂ ಮಾಡಬಹುದು. ಮೊದ್ಲು ಹೋಗಿ ಮಾತಾಡೋಣ. ನಾನೂ ಬರ್ತೀನಿ."

ಗಾಜಿನ ಕೋಣೆಯಲ್ಲಿ ಸಾಹೇಬರು ಇಬ್ಬರನ್ನೂ ಕೂರಿಸಿ ಕಾಫಿ ತರಿಸಿದರು. ಮೈಕು ಶುರುಮಾಡಿದ. ಹಕ್ಕು ಎಂದ, ಶೋಷಣೆ ಎಂದ, ಮೇಜು ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿ ಸಾಹೇಬರ ಫೈಲು ಒದ್ದೆಯಾಯಿತು. ಅವರ ಮುಖ ಬಿಗಿಯಿತು.

"ನೋಡಿ, ಸ್ಕೂಲ್ ಮಕ್ಕಳೇ ಬೆಲ್ ಹೊಡೆಯೋ ತನಕ ಕೂತಿರ್ತಾರೆ," ಎಂದರು ಫೈಲು ಒರೆಸುತ್ತಾ. "ನಾನೂ ಗಂಟೆಗಟ್ಟಲೆ ಮೀಟಿಂಗಲ್ಲಿ ಕೂರ್ತೀನಿ. ದೊಡ್ಡವರಿಗೆ ಇಷ್ಟೂ ಆಗಲ್ವಾ?"

ಬದಲಿಯಕ್ಕ ಕೇಳಿದಳು, "ಮೀಟಿಂಗ್ ಮಧ್ಯೆ ನಿಮಗೆ ಹೋಗ್ಬೇಕು ಅನ್ನಿಸಿದ್ರೆ ಏನ್ ಮಾಡ್ತೀರಾ ಸಾರ್?"

"ಎದ್ದು ಹೋಗ್ತೀನಿ."

"ಅಷ್ಟೇ ಸಾರ್ ನಾವೂ ಕೇಳ್ತಿರೋದು."

ಬದಲಿಯಕ್ಕ ಅದೇ ಉಸಿರಿನಲ್ಲಿ ಮುಂದುವರಿಸಿದಳು. "ಮೇಲಿಂದ ನೋಡಿದ್ರೆ ನಾನು ಸುಮ್ನೆ ಅಡ್ಡಾಡೋಳ ಥರಾನೇ ಕಾಣ್ತೀನಿ. ತಪ್ಪು ನಿಮ್ಮದಲ್ಲ. ಒಂದು ದಿನ ಕೆಳಗೆ ಬಂದು ನಿಂತು ನೋಡಿ, ಬೆಳಿಗ್ಗೆಯಿಂದ ಊಟದ ಬೆಲ್ ತನಕ."

ಸಾಹೇಬರಿಗೂ ಹಟ ಕಡಿಮೆಯಿರಲಿಲ್ಲ. "ನಿಲ್ತೀನಿ. ಜಾಗ ಬಿಡದೆ ನಿಂತ್ರೆ ಈ ವಿಷಯ ಅಲ್ಲಿಗೆ ಮುಗೀಬೇಕು."

"ಬಿಟ್ರೆ?" ಎಂದ ಮೈಕು.

"ಬಿಟ್ರೆ ಬದಲಿ ವಾಪಸ್."

ಮೆಟ್ಟಿಲಿಳಿಯುವಾಗ ಮೈಕಿನ ಕಾಲು ನೆಲದ ಮೇಲಿರಲಿಲ್ಲ. "ಗೆದ್ವಿ ಅಕ್ಕ! ಅವತ್ತು ಯಾರೂ ಅವರ ಹತ್ರ ಸುಳೀಬಾರ್ದು. ಯಾರೂ ಗ್ಲೌಸ್ ಹಾಕ್ಕೋಬಾರ್ದು. ಅವರಾಗೇ ಒದ್ದಾಡಿ ಕೆಂಪು ಗುಂಡಿ ಒತ್ಬೇಕು, ಬೋರ್ಡಲ್ಲಿ ಅವರ ಜಾಗ ಮಿನುಗ್ಬೇಕು. ಇಡೀ ಫ್ಯಾಕ್ಟರಿ ನೋಡ್ಬೇಕು!"

"ತಡ್ಕೊಂಡುಬಿಟ್ರೆ?" ಎಂದಳು ಬದಲಿಯಕ್ಕ. ಆ ಮಾತು ಅವನ ಕಿವಿಗೆ ಬೀಳಲಿಲ್ಲ. ಸಾಹೇಬರು ತಡೆದುಕೊಂಡರೆ ಸೊಸೆ ಮನೆಯಲ್ಲಿ ಕೂರಬೇಕು, ಅಷ್ಟೇ.

ಆ ದಿನ ಸಾಹೇಬರು ನೀಲಿ ಸಮವಸ್ತ್ರ ತೊಟ್ಟು, ಬೆಳ್ಳಗಿನ ಹೊಸ ಗ್ಲೌಸು ಹಾಕಿಕೊಂಡು ಹೇಳಿದ ಹೊತ್ತಿಗೆ ಬಂದರು. ರಬ್ಬರ್ ಕೂರಿಸುವಲ್ಲಿ ಎಡಬದಿಯವನು ರಜೆಯಲ್ಲಿದ್ದ. ಆ ಜಾಗ ಅವರಿಗೆ ಕೊಟ್ಟರು. ಬಲಬದಿಗೆ ಬದಲಿಯಕ್ಕನ ಸೊಸೆ. ನಡುವೆ ಸಾಗುವ ಕಾರು. ಹಿಂದಿನ ದಿನವೇ ಅವಳು ಅವರಿಗೆ ಕೆಲಸ ಕಲಿಸಿದ್ದಳು: "ಹೆಬ್ಬೆರಳಿಂದ ಒತ್ತಿ ಸಾರ್, ಉಗುರಿಂದ ಬೇಡ. ಮೂಲೆಗೆ ಬಂದಾಗ ಎಳೀಬೇಡಿ, ಅದಾಗೇ ತಿರುಗ್ಲಿ ಬಿಡಿ."

ಎಡವಟ್ಟು ಮಾಡಿಕೊಳ್ಳುತ್ತಾರೆ, ನೋಡಿ ನಗಬಹುದು ಎಂದು ಕಾದವರಿಗೆ ನಿರಾಸೆಯಾಯಿತು. ಸಾಹೇಬರ ಕೈ ಚೆನ್ನಾಗಿಯೇ ಓಡಿತು. ಒಂದೆರಡು ಕಾರು ತಿಣುಕಿದರು, ಆಮೇಲೆ ಹದ ಸಿಕ್ಕಿತು. ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು.

ಟೀ ಗಾಡಿ ಬಂತು. ಅಲ್ಲಿ ಟೀಗೆ ಬಿಡುವಿಲ್ಲ; ನಿಂತಲ್ಲೇ ಕುಡಿಯುವುದು. ಮೈಕಿನ ಮಾತಿನಂತೆ ಲೈನಿನವರು ಯಾರೂ ಟೀ ಮುಟ್ಟಲಿಲ್ಲ. ಟೀಯವನು ಮಾತ್ರ ಸಾಹೇಬರ ಮೇಲೆ ಎಲ್ಲಿಲ್ಲದ ಅಕ್ಕರೆಯಿಂದ "ಇನ್ನೊಂದು ತಗೊಳ್ಳಿ ಸಾರ್, ನಿಂತು ದಣಿದಿದ್ದೀರಿ" ಎಂದು ದೊಡ್ಡ ಕಪ್ಪಿನಲ್ಲಿ ಎರಡೆರಡು ಸಲ ಕೊಟ್ಟ. ಅವನಿಗೆ ಹಾಗೆ ಮಾಡೆಂದು ಹೇಳಿಕೊಟ್ಟವರು ಯಾರು ಎಂಬುದನ್ನು ಅವನೂ ಬಾಯಿ ಬಿಡಲಿಲ್ಲ, ಮೈಕೂ ಬಾಯಿ ಬಿಡಲಿಲ್ಲ.

ಬದಲಿಯಕ್ಕ ಬಲೆಯ ಆಚೆಯಿಂದ ನೋಡುತ್ತಿದ್ದಳು. ಅವಳ ಚಿಂತೆ ಸಾಹೇಬರದ್ದಲ್ಲ. ಬೆಳಿಗ್ಗೆ ಹೊರಡುವಾಗ, ಮೈಕು ಏನಾದರೂ ಹೇಳಲಿ, ನೀನು ಕುಡಿಯಲೇಬೇಕು ಎಂದು ಸೊಸೆಯನ್ನು ಗದರಿಸಿ ಎರಡು ಲೋಟ ನೀರು ಕುಡಿಸಿದ್ದು ಅವಳೇ. ಟೀ ಗಾಡಿ ಮುಂದೆ ಹೋಗುತ್ತಿದ್ದಂತೆ ಸೊಸೆಯ ಕೈ ಜೇಬಿಗೆ ಹೋಯಿತು. ಹಳೇ ಗ್ಲೌಸು ಹೆಗಲೇರಿತು. ಇಡೀ ಲೈನಿನಲ್ಲಿ ಅದೊಂದೇ.

ಕಾರುಗಳು ಬಂದವು, ಹೋದವು. ಸೊಸೆಯ ಮುಖ ಬಿಳಚಿಕೊಂಡಿತು. ಸಾಹೇಬರೂ ಈಗ ಈ ಕಾಲಿಂದ ಆ ಕಾಲಿಗೆ ಭಾರ ಬದಲಿಸುತ್ತಿದ್ದರು. ಚಕ್ರದವನು ಸೀಟಿನವನಿಗೆ ಕಣ್ಣು ಹೊಡೆದ. ಸಾಹೇಬರು ಕಾರಿನ ಮೇಲಿಂದ ಬಗ್ಗಿ ಸೊಸೆಯನ್ನು ಏನೋ ಕೇಳಿದರು, ಅವಳೇನೋ ಹೇಳಿದಳು. ಏನು ಮಾತಾಡಿದರೆಂದು ಅವಳು ಆಮೇಲೆ ಅತ್ತೆಗೆ ಹೇಳಿದ್ದು ಹೀಗೆ:

"ಹೆಗಲ ಮೇಲೆ ಯಾಕೆ ಅದು?"

"ಹೋಗ್ಬೇಕು ಅಂತ ಸಾರ್."

"ಬೆವರು ಒರೆಸೋಕೆ ಅಂದ್ಕೊಂಡಿದ್ದೆ. ಮೇಲಿಂದ ದಿನಾ ನೋಡ್ತಿದ್ದೆ. ಈಗ ಯಾರು ಬರ್ತಾರೆ?"

"ಯಾರೂ ಬರಲ್ಲ ಸಾರ್."

ಸಾಹೇಬರು ಇನ್ನೊಂದು ಕಾರಿನ ಬಾಗಿಲು ಮುಗಿಸಿದರು. ಕೆಂಪು ಗುಂಡಿಯ ಕಡೆ ಒಮ್ಮೆ ನೋಡಿದರು. ಲೈನಿಗೆ ಲೈನೇ ಉಸಿರು ಬಿಗಿಹಿಡಿಯಿತು. ಅವರ ಕೈ ಗುಂಡಿಯತ್ತ ಹೋಗಲಿಲ್ಲ. ಎಡಗೈಯ ಹೊಸ ಗ್ಲೌಸು ಕಳಚಿ, ಮಡಚಿ, ಹೆಗಲ ಮೇಲೆ ಹಾಕಿಕೊಂಡು ಬರಿಗೈಯಲ್ಲೇ ರಬ್ಬರ್ ಒತ್ತತೊಡಗಿದರು.

ಗ್ಲೌಸು ನೋಡಿಕೊಂಡು ಇನ್ನು ಸುಮ್ಮನಿರಲು ಬದಲಿಯಕ್ಕನ ಕಾಲು ಒಪ್ಪಲಿಲ್ಲ. ಮಡಚುತ್ತಿದ್ದ ಪೆಟ್ಟಿಗೆ ಅಲ್ಲೇ ಬಿಟ್ಟು ಬಲೆಯ ಬಾಗಿಲಿಗೆ ಬಂದಳು. ಅಲ್ಲಿ ಮೈಕು ಅಡ್ಡ ನಿಂತಿದ್ದ.

"ಬೇಡ ಅಕ್ಕ! ಇನ್ನು ಸ್ವಲ್ಪ ಹೊತ್ತು. ಒತ್ತೇ ಒತ್ತುತ್ತಾರೆ. ಈಗ ನೀನು ಹೋದ್ರೆ ಕಂಪನಿ ಆರ್ಡರ್ ಮೀರಿದ್ದಕ್ಕೆ ಮೆಮೊ ಬೇರೆ ಕೊಡ್ತಾರೆ."

"ನನ್ನ ಸೊಸೆ ಮುಖ ನೋಡೋ."

"ಅವಳಿಗೋಸ್ಕರಾನೇ ಅಲ್ವಾ ಅಕ್ಕ ಇದೆಲ್ಲ? ಗೆಲ್ಲೋ ತನಕ ಸ್ವಲ್ಪ ತಡ್ಕೊಳ್ಳಲಿ ಅಷ್ಟೇ."

"ಸಾಹೇಬರೂ ಇದೇ ಮಾತು ಹೇಳಿದ್ದು ಕಣೋ," ಎಂದಳು ಬದಲಿಯಕ್ಕ. "ಬೆಲ್ ಹೊಡೆಯೋ ತನಕ ತಡ್ಕೊಳ್ಳಿ ಅಂತ. ನೀನು ಗೆಲ್ಲೋ ತನಕ ತಡ್ಕೊಳ್ಳಲಿ ಅಂತೀಯ. ತಡ್ಕೊಳ್ಳೋಳು ಮಾತ್ರ ಅವಳೇ."

ಮೈಕು ಒಮ್ಮೆ ಸೊಸೆಯ ಕಡೆ ನೋಡಿದ. ಪಕ್ಕಕ್ಕೆ ಸರಿದ.

ಕಂಪನಿಯ ಮಾತನ್ನೂ ಮೀರಿ, ಸಂಘದ ಮಾತನ್ನೂ ಮೀರಿ ಬದಲಿಯಕ್ಕ ಲೈನಿಗೆ ಇಳಿದಳು. ಅವಳು ಬರುವುದನ್ನು ಕಂಡ ಸಾಹೇಬರ ಮುಖದಲ್ಲಿ ಹೋದ ಜೀವ ಬಂದಂತಾಯಿತು. ಕೈಯಲ್ಲಿದ್ದ ರಬ್ಬರ್ ಪಟ್ಟಿಯನ್ನು ಆಗಲೇ ಮುಂದೆ ಚಾಚಿದರು. ಅವಳು ಅವರನ್ನು ದಾಟಿ, ಕಾರಿನ ಹಿಂದಿನಿಂದ ಸುತ್ತಿ, ಬಲಬದಿಗೆ ಹೋಗಿ ಸೊಸೆಯ ಬೆನ್ನು ತಟ್ಟಿದಳು.

"ಹೋಗ್ಬಾ."

ಸೊಸೆ ಸಾಹೇಬರ ಮುಖ ನೋಡಿದಳು, ಅತ್ತೆಯ ಮುಖ ನೋಡಿದಳು, ಮತ್ತೆ ತಿರುಗಿ ನೋಡದೆ ಹೋದಳು. ಬದಲಿಯಕ್ಕ ರಬ್ಬರ್ ಹಿಡಿದು ಒತ್ತುತ್ತಾ, ಕಾರಿನ ಆಚೆಯಿಂದ ತನ್ನನ್ನೇ ನೋಡುತ್ತಿದ್ದ ಸಾಹೇಬರಿಗೆ ಕೂಗಿ ಹೇಳಿದಳು, "ಅವಳದ್ದು ಮೊದ್ಲು ಬಿದ್ದಿದ್ದು ಸಾರ್!"

ಇಡೀ ಕಾರ್ಖಾನೆಯಲ್ಲಿ ಆ ಮನುಷ್ಯನನ್ನು ಕಾಯಿಸಿದವರು ಅದುವರೆಗೆ ಯಾರೂ ಇರಲಿಲ್ಲ. ಸಿಟ್ಟು ಬರಬಹುದಿತ್ತು. ಅವರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, "ಹೌದು, ಅವರದ್ದೇ ಮೊದಲು. ಬರಲಿ, ಅವರು ಬರಲಿ" ಎಂದು ಹಲ್ಲು ಕಚ್ಚಿ ಮುಂದಿನ ಬಾಗಿಲಿಗೆ ಬಗ್ಗಿದರು. ಬದಲಿಯಕ್ಕನಿಗೆ ಆ ಗಳಿಗೆಯಲ್ಲಿ ಅವರನ್ನು ಕಂಡು ಅಯ್ಯೋ ಅನ್ನಿಸಿತು, ಗೌರವವೂ ಹುಟ್ಟಿತು. ಹಾಗಂತ ಸರದಿ ತಪ್ಪಿಸುವವಳಲ್ಲ ಅವಳು.

ಸೊಸೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದಳು. ಆಗ ಬದಲಿಯಕ್ಕ ಎಡಬದಿಗೆ ಬಂದು ಸಾಹೇಬರ ಬೆನ್ನನ್ನೂ ಎಲ್ಲರ ಬೆನ್ನಿನಂತೆಯೇ ತಟ್ಟಿದಳು. "ಹೋಗ್ಬನ್ನಿ ಸಾರ್." ಓಡಬಾರದು ಎಂದು ಶಪಥ ಮಾಡಿದವರ ನಡಿಗೆಯಲ್ಲಿ ಸಾಹೇಬರು ನಡೆದರು. ಅವರು ಬಾಗಿಲು ದಾಟಿದ್ದೇ ತಡ, ಲೈನು ಗೊಳ್ಳೆಂದು ನಕ್ಕಿತು. ಆ ನಗುವಿನಲ್ಲಿ ವಿಷವಿರಲಿಲ್ಲ. ಕಾರುಗಳು ಸಾಗುತ್ತಲೇ ಇದ್ದವು.

ಊಟದ ಬೆಲ್ ಹೊಡೆದಾಗ ಎಲ್ಲರೂ ಅಲ್ಲೇ ನೆರೆದರು. ಮೈಕು ಗಂಟಲು ಸರಿಮಾಡಿಕೊಂಡು ಮುಂದೆ ಬಂದ. ಅವನ ಹತ್ತಿರ ಸೋತರೊಂದು, ಗೆದ್ದರೊಂದು ಭಾಷಣ ತಯಾರಿತ್ತು. ಸಾಹೇಬರೇ ಮೊದಲು ಮಾತಾಡಿದರು.

"ನಾನು ಜಾಗ ಬಿಟ್ಟೆ. ಗುಂಡಿ ಒತ್ತಿಲ್ಲ, ಲೈನ್ ನಿಂತಿಲ್ಲ, ಹಾಗಾಗಿ ಗೆದ್ದೆ ಅಂತ ವಾದ ಮಾಡಬಹುದು. ಮಾಡಲ್ಲ. ಲೈನ್ ನಿಲ್ಲದೆ ಇದ್ದದ್ದು ಇವರು ಬಂದಿದ್ದಕ್ಕೆ." ಬದಲಿಯಕ್ಕನ ಕಡೆ ತಿರುಗಿದರು. "ನಾಳೆಯಿಂದ ನೀವು ಪೆಟ್ಟಿಗೆ ಮಡಚೋಕೆ ಹೋಗ್ಬೇಡಿ. ಆದ್ರೆ ಒಂದು ಮಾತು. ಎರಡನೆಯವನಾಗಿ ಕಾಯೋದೇ ನನಗೆ ಇಷ್ಟು ಕಷ್ಟ ಆಯ್ತು. ಮೂರನೆಯವರು, ನಾಲ್ಕನೆಯವರು ಏನ್ ಮಾಡ್ತಿದ್ರು? ಇಷ್ಟುದ್ದ ಲೈನಿಗೆ ಒಬ್ರು ಸಾಕಾ?"

ಮೈಕು ಎರಡು ಭಾಷಣಗಳನ್ನೂ ನುಂಗಿಕೊಂಡ.

"ಸಾಲಲ್ಲ ಸಾರ್," ಎಂದ ಮೈಕು, ಎಷ್ಟು ಮೆಲ್ಲಗೆಂದರೆ ಹಿಂದಿದ್ದವರು "ಏನಂದ? ಏನಂದ?" ಎಂದು ಕೇಳಬೇಕಾಯಿತು. ಹಾಗಾದದ್ದು ಅದೇ ಮೊದಲು.

ಎರಡನೇ ಬದಲಿ ಅಂದೇ ಬಂದುಬಿಡಲಿಲ್ಲ. ಅದಕ್ಕೆ ಮತ್ತೆ ಮೀಟಿಂಗು, ಮತ್ತೆ ಚೆಲ್ಲಿದ ಕಾಫಿ. ಲೈನಿನ ವೇಗದ ಬಗ್ಗೆ ಮೈಕಿಗೂ ಸಾಹೇಬರಿಗೂ ಆಮೇಲೂ ಜಟಾಪಟಿ ನಡೆದೇ ಇತ್ತು. ಆದರೆ ಮಾತು ಬಿಗಡಾಯಿಸಿದಾಗ ಇಬ್ಬರೂ ಕೆಳಗಿಳಿದು ಬಂದು ಲೈನಿನ ಪಕ್ಕದಲ್ಲಿ ನಿಂತು ಜಗಳವಾಡುವುದನ್ನು ಕಲಿತಿದ್ದರು. ದೀಪದವಳು ಬದಲಿಯಕ್ಕನ ಹಿಂದೆ ಸುತ್ತಿ ಎಲ್ಲ ಕೆಲಸ ಕಲಿಯತೊಡಗಿದಳು. ಹೊಸ ಬದಲಿ ಅವಳೇ ಎಂದು ಎಲ್ಲರೂ ಒಪ್ಪಿದ್ದರು.

ಲೈನಿಗೆ ಮರಳಿದ ಮೊದಲ ದಿನ ಸಂಜೆ ಬದಲಿಯಕ್ಕ ಊಟದ ಡಬ್ಬಿಗಳನ್ನು ಸಿಂಕಿನಲ್ಲಿ ಹಾಕಿ, ಸೊಸೆಯ ಬಾಟಲಿಯ ಮುಚ್ಚಳ ತಿರುಗಿಸಿ, ಅಭ್ಯಾಸಬಲದಿಂದ ಬಗ್ಗಿಸಿದಳು. ನೀರು ಬರಲಿಲ್ಲ. ಅಲ್ಲಾಡಿಸಿದಳು. ಒಂದೇ ಒಂದು ಹನಿ ಬಿತ್ತು. ಅವಳು ಖಾಲಿ ಬಾಟಲಿಯನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು. ಕಣ್ಣು ತುಂಬಿ ಬಂತು.

"ಅತ್ತೆ," ಎಂದು ಸೊಸೆ ಒಳಗಿನಿಂದ ಕೂಗಿದಳು, "ನಾಳೆಗೆ ದೊಡ್ಡ ಬಾಟಲಿ ಕೊಡ್ತೀರಾ? ಅದು ಸಾಕಾಗ್ಲಿಲ್ಲ."

"ದೊಡ್ಡದು ಕೊಟ್ರೆ ನಿನ್ನ ಹೆಗಲು ನೋಡೋದ್ರಲ್ಲೇ ನನ್ನ ದಿನ ಮುಗಿಯುತ್ತೆ ಕಣೆ," ಎಂದು ಗೊಣಗುತ್ತಾ, ಬದಲಿಯಕ್ಕ ಮೇಲಿನ ಅಟ್ಟಣಿಗೆಯಿಂದ ದೊಡ್ಡ ಬಾಟಲಿಯನ್ನು ಇಳಿಸಿ ತೊಳೆಯತೊಡಗಿದಳು.